ನಿತ್ಯ ರಸ್ತೆಗಿಳಿಯುವ ಹಳೆಯ ಟ್ರ್ಯಾಕ್ಟರ್‌ಗೆ ಬದಿಗನ್ನಡಿಗಳ ಆಯ್ಕೆ ಮತ್ತು ಅಳವಡಿಕೆ

ಸವದತ್ತಿ, ಬೈಲಹೊಂಗಲ, ಕಿತ್ತೂರು ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್ ಕೇವಲ ಹೊಲದ ಯಂತ್ರವಲ್ಲ. ಅದು ಸಾಗಣೆಯ ವಾಹನವೂ ಹೌದು. ಕಬ್ಬು ನುರಿಸುವ ಹಂಗಾಮಿನಲ್ಲಿ ಮುನವಳ್ಳಿ ಹಾಗೂ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗಳ ಕಡೆಗೆ, ಹತ್ತಿಯ ಕಾಲದಲ್ಲಿ ಬೈಲಹೊಂಗಲದ ಮಾರುಕಟ್ಟೆಗೆ, ಸುಗ್ಗಿಯ ನಂತರ ಜೋಳದ ಕಣಿಕೆಯನ್ನು ಹೊಲದಿಂದ ಬಣವೆಗೆ ಟ್ರ್ಯಾಕ್ಟರ್‌ಗಳು ದಿನವೂ ಓಡಾಡುತ್ತವೆ. ಇವುಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಹಳೆಯವೂ ಸೇರಿವೆ. ಎಂಜಿನ್ನು ಸುಸ್ಥಿತಿಯಲ್ಲಿದ್ದರೂ ಇಂತಹ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಬದಿಗನ್ನಡಿ ಇರುವುದಿಲ್ಲ, ಅಥವಾ ಬೈಕಿನಿಂದ ತೆಗೆದ ಸಣ್ಣ ಕನ್ನಡಿಯೊಂದು ಒಂದು ಬದಿಗೆ ಮಾತ್ರ ಇರುತ್ತದೆ.

ಹೊಲದಲ್ಲಿ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಚಾಲಕನು ತಿರುಗಿ ನೋಡಿ ಕೆಲಸ ಮಾಡುತ್ತಾನೆ. ಆದರೆ ಕಬ್ಬು ತುಂಬಿದ ಟ್ರೇಲರ್ ಹಿಂದಿರುವಾಗ ತಿರುಗಿ ನೋಡಿದರೆ ಕಬ್ಬಿನ ಗೋಡೆಯ ಹೊರತು ಬೇರೇನೂ ಕಾಣದು. ಎಂಜಿನ್ನಿನ ಸದ್ದಿನಲ್ಲಿ ಹಿಂದಿನ ಹಾರ್ನ್ ಕೇಳಿಸದು. ಆಗ ಹಿಂದಿನಿಂದ ಬರುವವರ ಸುಳಿವು ಕೊಡುವ ಸಾಧನವೆಂದರೆ ಬದಿಗನ್ನಡಿಯೊಂದೇ. ನುರಿಸುವ ಹಂಗಾಮಿನ ನಡುವೆಯೇ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಗಳು ನಡೆಯುತ್ತವೆ. ಆ ದಿನಗಳಲ್ಲಿ ಸವದತ್ತಿಯ ಸುತ್ತಲಿನ ರಸ್ತೆಗಳಲ್ಲಿ ಚಕ್ಕಡಿಗಳು, ಬೈಕುಗಳು ಮತ್ತು ನಡೆದು ಬರುವ ಭಕ್ತರು ಕಬ್ಬಿನ ಗಾಡಿಗಳ ಪಕ್ಕದಲ್ಲಿಯೇ ಸಾಗುತ್ತಾರೆ. ಆದ್ದರಿಂದ ಸರಿಯಾದ ಕನ್ನಡಿಯನ್ನು ಆರಿಸುವುದು ಜೀವರಕ್ಷಣೆಯ ವಿಷಯವಾಗಿದೆ.

ಕನ್ನಡಿಯನ್ನು ಟ್ರ್ಯಾಕ್ಟರಿನ ಅಗಲಕ್ಕಲ್ಲ, ಹೇರಿನ ಅಗಲಕ್ಕೆ ತಕ್ಕಂತೆ ಆರಿಸಬೇಕು ಎಂಬುದೇ ಈ ಲೇಖನದ ಮುಖ್ಯ ಸಲಹೆ. ಮೊದಲು ಕನ್ನಡಿಯ ತೋಳಿನ ಉದ್ದ, ನಂತರ ಗಾಜಿನ ಬಗೆ, ಕೊನೆಗೆ ಬಿಗಿಯುವ ವಿಧಾನ. ಈ ಕ್ರಮದಲ್ಲಿ ನಿರ್ಧರಿಸುವುದು ಸೂಕ್ತ.

1. ತೋಳಿನ ಉದ್ದ

ಟ್ರ್ಯಾಕ್ಟರ್ ಟ್ರೇಲರಿಗಿಂತ ಕಿರಿದು. ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಕೂರಿಸಿದ ಕನ್ನಡಿಯಲ್ಲಿ ಟ್ರೇಲರಿನ ಮುಂಭಾಗದ ಹಲಗೆ ಮಾತ್ರ ಕಾಣುತ್ತದೆ. ಗಾಜು ಎಷ್ಟೇ ದೊಡ್ಡದಾಗಿದ್ದರೂ ಈ ದೋಷ ಹೋಗುವುದಿಲ್ಲ.

ಅಳತೆಯ ವಿಧಾನ ಹೀಗಿದೆ:

• ಟ್ರ್ಯಾಕ್ಟರ್ ಮತ್ತು ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ಒಂದೇ ನೇರಕ್ಕೆ ನಿಲ್ಲಿಸಬೇಕು. ಸಾಧ್ಯವಾದರೆ ಹೇರು ತುಂಬಿದ ಸ್ಥಿತಿಯಲ್ಲಿಯೇ ಅಳೆಯಬೇಕು.
• ಹೇರಿನ ಅತ್ಯಂತ ಅಗಲವಾದ ಭಾಗಕ್ಕೆ ತಾಗುವಂತೆ ಹಗ್ಗವೊಂದನ್ನು ಹಿಡಿದು, ಟ್ರೇಲರಿಗೆ ಸಮಾನಾಂತರವಾಗಿ ಟ್ರ್ಯಾಕ್ಟರಿನ ಮುಂಭಾಗದವರೆಗೆ ಬಿಗಿಯಾಗಿ ಎಳೆಯಬೇಕು.
• ಕನ್ನಡಿಯ ಒಳ ಅಂಚು ಈ ಹಗ್ಗದ ಗೆರೆಗೆ ಬರಬೇಕು. ಉಳಿದ ಗಾಜು ಹಗ್ಗದ ಹೊರಗೆ ಇರಬೇಕು.
• ಮಡ್‌ಗಾರ್ಡಿನ ಅಂಚಿನಿಂದ ಕನ್ನಡಿಯ ನಡುಭಾಗದವರೆಗಿನ ಅಂತರವೇ ಬೇಕಾದ ತೋಳಿನ ಉದ್ದ.

ಉದಾಹರಣೆಗೆ, ಟ್ರ್ಯಾಕ್ಟರಿನ ಮಡ್‌ಗಾರ್ಡುಗಳ ಹೊರ ಅಗಲ 1.7 ಮೀಟರ್ ಮತ್ತು ಹೇರಿನ ಅಗಲ 2.4 ಮೀಟರ್ ಎಂದುಕೊಳ್ಳೋಣ. ನಡುಗೆರೆಯಿಂದ ಮಡ್‌ಗಾರ್ಡಿನ ಅಂಚು 85 ಸೆಂ.ಮೀ. ದೂರದಲ್ಲಿದ್ದರೆ ಹೇರಿನ ಅಂಚು 120 ಸೆಂ.ಮೀ. ದೂರದಲ್ಲಿರುತ್ತದೆ. 20 ಸೆಂ.ಮೀ. ಅಗಲದ ಕನ್ನಡಿಯ ನಡುಭಾಗ 130 ಸೆಂ.ಮೀ.ಗೆ ಬರಬೇಕು. ಅಂದರೆ ಪ್ರತಿ ಬದಿಗೂ ಸುಮಾರು 45 ಸೆಂ.ಮೀ. ಉದ್ದದ ತೋಳು ಅವಶ್ಯಕ.

ಉದ್ದನೆಯ ತೋಳು ಹೇರನ್ನು ಇನ್ನಷ್ಟು ಅಗಲವಾಗಿ ಕಟ್ಟಲು ಪರವಾನಗಿಯಲ್ಲ. ವಾಹನದ ಒಟ್ಟು ಅಗಲವನ್ನು ಅಳೆಯುವಾಗ ಹಿನ್ನೋಟ ಕನ್ನಡಿಯನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹೇರಿಗೆ ಆ ವಿನಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಹೇರು ವಾಹನದ ಬದಿಯಿಂದ ಹೊರಚಾಚಿದರೆ 20,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

2. ಗಾಜಿನ ಬಗೆ: ಸಮತಲವೋ, ಉಬ್ಬೋ?

ಸಮತಲ ಗಾಜು ವಸ್ತುವನ್ನು ಅದರ ನಿಜವಾದ ದೂರಕ್ಕೆ ತಕ್ಕ ಗಾತ್ರದಲ್ಲಿ ತೋರಿಸುತ್ತದೆ. ಆದರೆ ಅದು ತೋರಿಸುವ ಪ್ರದೇಶ ಕಿರಿದು. ಉಬ್ಬು ಗಾಜು ವಿಶಾಲ ಪ್ರದೇಶವನ್ನು ತೋರಿಸುತ್ತದೆ. ಆದರೆ ವಸ್ತುವನ್ನು ಚಿಕ್ಕದಾಗಿಸಿ, ದೂರದಲ್ಲಿರುವಂತೆ ಭ್ರಮೆ ಹುಟ್ಟಿಸುತ್ತದೆ. ಎರಡರ ಗುಣ ದೋಷಗಳನ್ನು ಲೆಕ್ಕದ ಮೂಲಕ ನೋಡುವುದು ಒಳ್ಳೆಯದು.

ಚಾಲಕನ ಕಣ್ಣಿನಿಂದ ಒಂದೂವರೆ ಮೀಟರ್ ದೂರದಲ್ಲಿ 15 ಸೆಂ.ಮೀ. ಅಗಲದ ಸಮತಲ ಕನ್ನಡಿ ಇದ್ದರೆ, ಅದು 20 ಮೀಟರ್ ಹಿಂದೆ ಸುಮಾರು 2 ಮೀಟರ್ ಅಗಲದ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಅದೇ ಅಗಲದ, 1,200 ಮಿ.ಮೀ. ವಕ್ರತಾ ತ್ರಿಜ್ಯದ ಉಬ್ಬು ಕನ್ನಡಿ 6ರಿಂದ 7 ಮೀಟರ್ ಅಗಲವನ್ನು ತೋರಿಸುತ್ತದೆ. ಆದರೆ 20 ಮೀಟರ್ ಹಿಂದಿರುವ ಬೈಕು, ಗಾತ್ರವನ್ನಷ್ಟೇ ನೋಡಿ ಅಂದಾಜಿಸಿದರೆ, 70 ಮೀಟರ್ ಹಿಂದಿರುವಂತೆ ತೋರುತ್ತದೆ.

ಈ ವ್ಯತ್ಯಾಸದ ಪರಿಣಾಮ ಗಂಭೀರವಾದುದು. ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ., ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅವೆರಡರ ಅಂತರ ಪ್ರತಿ ಸೆಕೆಂಡಿಗೆ 11 ಮೀಟರಿನಂತೆ ಕಡಿಮೆಯಾಗುತ್ತದೆ. ಬೈಕು 70 ಮೀಟರ್ ದೂರದಲ್ಲಿದೆ ಎಂದು ಭಾವಿಸಿದ ಚಾಲಕನು ತನಗೆ ಆರು ಸೆಕೆಂಡುಗಳಿವೆ ಎಂದು ಹೊಲದ ದಾರಿಗೆ ಬಲಕ್ಕೆ ತಿರುಗಿಸುತ್ತಾನೆ. ವಾಸ್ತವದಲ್ಲಿ ಅವನಿಗಿರುವುದು ಎರಡು ಸೆಕೆಂಡಿಗಿಂತ ಕಡಿಮೆ.

ಆದ್ದರಿಂದ ಎರಡೂ ಬದಿಗೆ ಒಂದೇ ಬಗೆಯ ಗಾಜು ಸಾಲದು.

ಬಲಬದಿ: ನಮ್ಮ ದೇಶದಲ್ಲಿ ಹಿಂದಿನ ವಾಹನಗಳು ಮುಂದೆ ಸಾಗುವುದು ಬಲಬದಿಯಿಂದ. ಇಲ್ಲಿ ದೂರವನ್ನು ಸರಿಯಾಗಿ ಅಂದಾಜಿಸುವುದು ಮುಖ್ಯ. ಸುಮಾರು 20 ಸೆಂ.ಮೀ. ಅಗಲದ ಸಮತಲ ಕನ್ನಡಿ, ಅದರ ಕೆಳಗೆ ಒಂದು ಸಣ್ಣ ಉಬ್ಬು ಕನ್ನಡಿ ಇರುವ ಜೋಡಿ ಉತ್ತಮ. ಉಬ್ಬು ಕನ್ನಡಿಯು ಯಾರೋ ಇದ್ದಾರೆ ಎಂದು ತಿಳಿಸುತ್ತದೆ. ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಸಮತಲ ಕನ್ನಡಿ ತಿಳಿಸುತ್ತದೆ.

ಎಡಬದಿ: ಇಲ್ಲಿ ನೋಡಬೇಕಾದುದು ಪಾದಚಾರಿಗಳು, ರಸ್ತೆಯ ಅಂಚು, ಕಾಲುವೆಯ ಬದು ಹಾಗೂ ಟ್ರೇಲರಿನ ಚಕ್ರ. ಇವೆಲ್ಲ ಹತ್ತಿರದ ವಸ್ತುಗಳು. 1,200 ಮಿ.ಮೀ. ಆಸುಪಾಸಿನ ಸೌಮ್ಯ ಉಬ್ಬಿನ ಕನ್ನಡಿಯೊಂದೇ ಸಾಕು.

ಮೇಲೆ ಅಂಟಿಸುವ ಚಿಕ್ಕ ದುಂಡು ಕನ್ನಡಿಗಳ ಉಬ್ಬು ಬಹಳ ತೀವ್ರ. ಚಕ್ರದ ಬಳಿ ಯಾರಾದರೂ ಇದ್ದಾರೆಯೇ ಎಂದು ನೋಡಲು ಮಾತ್ರ ಅವುಗಳನ್ನು ಬಳಸಬಹುದು. ವಾಹನದ ದೂರವನ್ನು ಅಳೆಯಲು ಬಳಸಬಾರದು.

3. ಅಂಗಡಿಯಲ್ಲಿ ಪರೀಕ್ಷೆ

ಹಳೆಯ ಮಾದರಿಗಳಿಗೆ ಮೂಲ ಕಂಪನಿಯ ಕನ್ನಡಿ ದೊರೆಯುವುದು ಕಷ್ಟ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿಯೇ ನಿರ್ಧರಿಸಿತು. ಆದರೆ ಕನ್ನಡಿಯು ಎಂಜಿನ್ನಿನ ಬಿಡಿಭಾಗದಂತೆ ಅದೇ ಮಾದರಿಯದೇ ಆಗಿರಬೇಕಿಲ್ಲ. ಲಾರಿ ಮತ್ತು ಮಿನಿ ಟ್ರಕ್ಕುಗಳಿಗಾಗಿ ಮಾರುವ ಕನ್ನಡಿಗಳನ್ನು ಸೂಕ್ತ ತೋಳಿನೊಡನೆ ಬಳಸಬಹುದು. ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು:

• ಉಬ್ಬಿನ ಅಳತೆ: ನೇರವಾದ ಅಳತೆಪಟ್ಟಿಯನ್ನು ಗಾಜಿನ ನಡುಭಾಗಕ್ಕೆ ತಾಗಿಸಿ ಹಿಡಿಯಬೇಕು. ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಪಟ್ಟಿಗೂ ಗಾಜಿಗೂ ಸುಮಾರು 4 ಮಿ.ಮೀ. ಅಂತರವಿದ್ದರೆ ಅದು 1,200 ಮಿ.ಮೀ. ತ್ರಿಜ್ಯದ ಗಾಜು. ಅಂತರ ಇದಕ್ಕಿಂತ ಹೆಚ್ಚಿದ್ದರೆ ಉಬ್ಬು ಹೆಚ್ಚು, ವಸ್ತು ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅಂತರವೇ ಇಲ್ಲದಿದ್ದರೆ ಅದು ಸಮತಲ ಗಾಜು.
• ಪ್ರತಿಬಿಂಬದ ನೇರ: ಅಂಗಡಿಯ ಬಾಗಿಲಿನ ಚೌಕಟ್ಟನ್ನು ಸಮತಲ ಕನ್ನಡಿಯಲ್ಲಿ ನೋಡುತ್ತ ತಲೆಯನ್ನು ಅತ್ತಿತ್ತ ಸರಿಸಬೇಕು. ಚೌಕಟ್ಟು ಅಲೆಯಂತೆ ಬಳುಕಿದರೆ ಆ ಗಾಜನ್ನು ತಿರಸ್ಕರಿಸಬೇಕು.
• ಗುಣಮಾನಕ: ನಮ್ಮ ದೇಶದಲ್ಲಿ ವಾಹನಗಳ ಹಿನ್ನೋಟ ಕನ್ನಡಿಗೆ ಎಐಎಸ್-001 ಎಂಬ ಗುಣಮಾನಕವಿದೆ. ಅದಕ್ಕೆ ಅನುಗುಣವಾದ ಕನ್ನಡಿಯನ್ನೇ ಕೇಳಿ ಪಡೆಯುವುದು ಲೇಸು.
• ಮನೆಯ ಕನ್ನಡಿ ಬೇಡ: ಗೋಡೆ ಕನ್ನಡಿಯನ್ನು ಕತ್ತರಿಸಿ ಚೌಕಟ್ಟಿಗೆ ಕೂರಿಸುವ ರೂಢಿ ಅಪಾಯಕರ. ಅದು ಒಡೆದಾಗ ಚೂಪಾದ ತುಂಡುಗಳಾಗಿ ಮುಖಕ್ಕೆ ಸಿಡಿಯಬಹುದು. ದಪ್ಪ ಗಾಜಿನಲ್ಲಿ ರಾತ್ರಿ ಹಿಂದಿನ ದೀಪಗಳು ಜೋಡಿಯಾಗಿ ಕಾಣುವುದೂ ಉಂಟು.

4. ಬಿಗಿಯುವ ವಿಧಾನ

ಹಳೆಯ ಎಂಜಿನ್ನಿನ ನಡುಕ ಹೆಚ್ಚು. ತೋಳು ಉದ್ದವಾದಷ್ಟೂ ಕನ್ನಡಿ ಹೆಚ್ಚು ಅದುರುತ್ತದೆ. ಅದುರುವ ಕನ್ನಡಿಯಲ್ಲಿ ಬೈಕಿನ ದೀಪ ಮಸುಕಾದ ಗೆರೆಯಾಗಿ ಕಾಣುತ್ತದೆ.

• ಒಂಟಿ ಸರಳಿನ ಬದಲು ತ್ರಿಕೋನಾಕಾರದಲ್ಲಿ ಕೂಡುವ ಎರಡು ಕಾಲುಗಳ ತೋಳನ್ನು ಬಳಸಬೇಕು. ಎರಡು ಕಾಲುಗಳನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಬಿಗಿಯಬೇಕು.
• ಬಾನೆಟ್ಟಿಗೆ ಕನ್ನಡಿ ಬಿಗಿಯಬಾರದು. ಅದರ ತಗಡು ನಡುಗುತ್ತದೆ. ಮಡ್‌ಗಾರ್ಡಿನ ಮುಂತುದಿ ಅಥವಾ ಭದ್ರವಾದ ಮೇಲ್ಛಾವಣಿಯ ಮುಂಗಂಬ ಸೂಕ್ತ. ಕನ್ನಡಿ ಚಾಲಕನಿಗಿಂತ ಮುಂದಕ್ಕೆ ಇದ್ದಷ್ಟೂ ಅವನು ಕುತ್ತಿಗೆ ತಿರುಗಿಸುವುದು ಕಡಿಮೆಯಾಗುತ್ತದೆ, ರಸ್ತೆಯ ಮೇಲಿನ ಗಮನ ಉಳಿಯುತ್ತದೆ.
• ತುಕ್ಕು ಹಿಡಿದ ತಗಡಿಗೆ ರಂಧ್ರ ಕೊರೆಯುವ ಬದಲು ಕ್ಲ್ಯಾಂಪ್ ಬಳಸುವುದು ಮೇಲು. ರಂಧ್ರ ಅನಿವಾರ್ಯವಾದರೆ ಒಳಬದಿಯಿಂದ ಲೋಹದ ಪಟ್ಟಿಯ ಆಸರೆ ಕೊಟ್ಟು, ಅಂಚಿಗೆ ಬಣ್ಣ ಹಚ್ಚಬೇಕು.
• ಕ್ಲ್ಯಾಂಪಿನಡಿ ರಬ್ಬರಿನ ತುಂಡು, ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಮತ್ತು ಚೆಕ್ ನಟ್ ಇರಬೇಕು.
• ತೋಳು ಹಿಂದಕ್ಕೆ ಮಡಚುವಂತಿರಬೇಕು. ಊರೊಳಗಿನ ಇಕ್ಕಟ್ಟಾದ ಓಣಿಯಲ್ಲಿ, ಕಬ್ಬಿನ ಸಾಲುಗಳ ನಡುವೆ ಮಡಚಲು ಇದು ಅನುಕೂಲ. ಆಕಸ್ಮಿಕವಾಗಿ ಯಾರಿಗಾದರೂ ತಾಗಿದರೆ ಪೆಟ್ಟು ಕಡಿಮೆಯಾಗುತ್ತದೆ.

ಎಂಜಿನ್ ಚಾಲೂ ಇಟ್ಟು ವೇಗವನ್ನು ನಿಧಾನವಾಗಿ ಏರಿಸುತ್ತ ಕನ್ನಡಿಯನ್ನು ಗಮನಿಸಬೇಕು. ರಸ್ತೆಯಲ್ಲಿ ಸಾಮಾನ್ಯವಾಗಿ ಬಳಸುವ ವೇಗದಲ್ಲಿ ಬಿಂಬ ಸ್ಥಿರವಾಗಿದ್ದರೆ ಅಳವಡಿಕೆ ಸರಿಯಾಗಿದೆ.

5. ಹೊಂದಾಣಿಕೆ ಮತ್ತು ಕಾಣದ ಜಾಗ

ಚಾಲಕನು ತನ್ನ ಆಸನದಲ್ಲಿ ಕುಳಿತು, ಕನ್ನಡಿಯ ಒಳ ಅಂಚಿನ ಸಣ್ಣ ಭಾಗದಲ್ಲಿ ಮಾತ್ರ ಹೇರಿನ ಬದಿ ಕಾಣುವಂತೆ ಹೊಂದಿಸಬೇಕು. ನೆಲ ಮತ್ತು ಆಕಾಶ ಕೂಡುವ ಗೆರೆ ಗಾಜಿನ ಮೇಲಿನ ಮೂರನೆಯ ಒಂದು ಭಾಗದಲ್ಲಿರಬೇಕು. ನಂತರ ಇನ್ನೊಬ್ಬರು 5, 10 ಮತ್ತು 20 ಮೀಟರ್ ಹಿಂದೆ ನಿಂತು, ಒಳಗಿನಿಂದ ಹೊರಕ್ಕೆ ಸರಿಯುತ್ತ ಬರಬೇಕು. ಅವರು ಎಲ್ಲಿ ಕನ್ನಡಿಯಲ್ಲಿ ಮರೆಯಾಗುತ್ತಾರೋ ಅಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕಬೇಕು. ಚಾಲಕನು ಕೆಳಗಿಳಿದು ಆ ಗುರುತುಗಳನ್ನು ಒಮ್ಮೆ ನೋಡಿದರೆ ತನಗೆ ಕಾಣದ ಜಾಗ ಎಷ್ಟು ದೊಡ್ಡದು ಎಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ. ಟ್ರ್ಯಾಕ್ಟರನ್ನು ಒಬ್ಬರಿಗಿಂತ ಹೆಚ್ಚು ಜನ ಓಡಿಸುತ್ತಿದ್ದರೆ ಪ್ರತಿಯೊಬ್ಬರೂ ಆಸನವೇರಿದ ಕೂಡಲೇ ಕನ್ನಡಿಯನ್ನು ತಮಗೆ ಹೊಂದಿಸಿಕೊಳ್ಳಬೇಕು.

ಎರಡು ಸಂದರ್ಭಗಳಲ್ಲಿ ಉತ್ತಮ ಕನ್ನಡಿಯೂ ನೆರವಾಗದು. ಮೊದಲನೆಯದು, ತಿರುವು. ಟ್ರ್ಯಾಕ್ಟರ್ ಎಡಕ್ಕೆ ತಿರುಗಿದಾಗ ಎಡಗನ್ನಡಿಯಲ್ಲಿ ಟ್ರೇಲರಿನ ಬದಿ ಮಾತ್ರ ತುಂಬಿರುತ್ತದೆ. ಬಲಗನ್ನಡಿ ರಸ್ತೆಯನ್ನು ಬಿಟ್ಟು ಹೊರಗಿನ ಹೊಲವನ್ನು ತೋರಿಸುತ್ತದೆ. ಎರಡು ಟ್ರೇಲರ್ ಎಳೆಯುವಾಗ ಈ ಕೊರತೆ ಇನ್ನೂ ಹೆಚ್ಚು. ಆದ್ದರಿಂದ ತಿರುಗಿಸುವ ಮುನ್ನ, ವಾಹನ ನೇರವಾಗಿರುವಾಗಲೇ, ಎರಡೂ ಕನ್ನಡಿಗಳನ್ನು ನೋಡಿ ಸಂಜ್ಞೆ ಕೊಡಬೇಕು. ಎರಡನೆಯದು, ಹಿಮ್ಮುಖ ಚಲನೆ. ಟ್ರೇಲರಿನ ನೇರ ಹಿಂಭಾಗ ಯಾವ ಬದಿಗನ್ನಡಿಯಲ್ಲಿಯೂ ಕಾಣುವುದಿಲ್ಲ. ಕಬ್ಬು ಕಡಿಯುವ ಕುಟುಂಬಗಳ ಮಕ್ಕಳು ಹೊಲದಲ್ಲಿ ಟ್ರೇಲರಿನ ನೆರಳಿಗೆ ಕೂರುವುದು, ಮಲಗುವುದು ಸಾಮಾನ್ಯ. ಹಿಂದಕ್ಕೆ ತೆಗೆಯುವ ಮುನ್ನ ಚಾಲಕನು ಇಳಿದು ಸುತ್ತಲೂ ನೋಡಲೇಬೇಕು. ಹಿಂದೆ ನಿಂತು ದಾರಿ ತೋರುವವರು ಕನ್ನಡಿಯಲ್ಲಿ ಕಾಣುವಂತೆಯೇ ನಿಲ್ಲಬೇಕು. ಅವರು ಕಾಣದಾದ ಕ್ಷಣವೇ ವಾಹನವನ್ನು ನಿಲ್ಲಿಸಬೇಕು.

6. ಹಳೆಯ ಲಾರಿ ಇಟ್ಟುಕೊಂಡಿರುವವರಿಗೆ

ಟ್ರ್ಯಾಕ್ಟರಿನಲ್ಲಿ ಚಾಲಕನು ನಡುವೆ ಕೂರುವುದರಿಂದ ಎರಡೂ ಕನ್ನಡಿಗಳು ಸಮಾನ ದೂರದಲ್ಲಿರುತ್ತವೆ. ಲಾರಿಯಲ್ಲಿ ಹಾಗಲ್ಲ. ಬಲಗನ್ನಡಿ ಕಣ್ಣಿಗೆ ಸುಮಾರು 70 ಸೆಂ.ಮೀ. ದೂರದಲ್ಲಿದ್ದರೆ ಎಡಗನ್ನಡಿ 2 ಮೀಟರ್ ದೂರದಲ್ಲಿರುತ್ತದೆ. 15 ಸೆಂ.ಮೀ. ಅಗಲದ ಸಮತಲ ಗಾಜು ಬಲಬದಿಯಲ್ಲಿ 20 ಮೀಟರ್ ಹಿಂದೆ 4 ಮೀಟರಿಗೂ ಹೆಚ್ಚು ಅಗಲವನ್ನು ತೋರಿಸಿದರೆ, ಎಡಬದಿಯಲ್ಲಿ 2 ಮೀಟರಿಗೂ ಕಡಿಮೆ ತೋರಿಸುತ್ತದೆ. ಹಾಗಾಗಿ ಲಾರಿಯ ಎಡಬದಿಗೆ ಉಬ್ಬು ಗಾಜು ಅನಿವಾರ್ಯ. ಹಳೆಯ ಕ್ಯಾಬಿನ್‌ಗಳಲ್ಲಿ ಬಾಗಿಲು ಸಡಿಲವಾಗಿ ಅಲುಗಾಡುವುದರಿಂದ ಕನ್ನಡಿಯನ್ನು ಬಾಗಿಲಿಗಿಂತ ಮುಂಗಂಬಕ್ಕೆ ಬಿಗಿಯುವುದು ಒಳಿತು.

7. ನಿರ್ವಹಣೆ

ಎರೆ ಭೂಮಿಯ ದೂಳು ಮತ್ತು ಚಳಿಗಾಲದ ಇಬ್ಬನಿ ಸೇರಿ ಗಾಜಿನ ಮೇಲೆ ಕೆಸರಿನ ಪದರವಾಗುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಗಾಜು ಗೀರುತ್ತದೆ. ಮೊದಲು ನೀರು ಹಾಕಿ, ನಂತರ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಗಾಜಿನ ಅಂಚಿನಿಂದ ಕಪ್ಪು ಕಲೆ ಹಬ್ಬತೊಡಗಿದರೆ ಹಿಂಬದಿಯ ಲೇಪ ಹಾಳಾಗಿದೆ ಎಂದು ತಿಳಿದು ಗಾಜನ್ನು ಬದಲಿಸಬೇಕು. ವಾರಕ್ಕೊಮ್ಮೆ ನಟ್ಟುಗಳನ್ನು ಬಿಗಿಯಬೇಕು. ರೋಟವೇಟರ್ ಮುಂತಾದ ಹೊಲದ ಕೆಲಸಗಳಿಗೆ ಕನ್ನಡಿಗಳನ್ನು ಮಡಚಿಡಬಹುದು. ಆದರೆ ರಸ್ತೆಗೆ ಬರುವ ಮುನ್ನ ಮತ್ತೆ ಬಿಚ್ಚಿ ಹೊಂದಿಸಬೇಕು.

ಕನ್ನಡಿಯಿಂದ ಚಾಲಕನಿಗೆ ಹಿಂದಿನವರು ಕಾಣುತ್ತಾರೆ. ಹಿಂದಿನವರಿಗೆ ಟ್ರೇಲರ್ ಕಾಣಬೇಕಾದರೆ ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಪಟ್ಟಿ ಹಾಗೂ ಉರಿಯುವ ದೀಪ ಬೇಕು. ಹಂಗಾಮು ಆರಂಭವಾಗುವ ಮುನ್ನ ಎಂಜಿನ್ ಆಯಿಲ್, ಬ್ರೇಕ್ ಮತ್ತು ಟೈರುಗಳನ್ನು ಪರೀಕ್ಷಿಸುವಾಗಲೇ ರೈತ ಬಾಂಧವರು ಹಗ್ಗ ಹಿಡಿದು ಹೇರಿನ ಅಗಲವನ್ನೂ ಅಳೆದು, ಎರಡೂ ಬದಿಗೆ ತಕ್ಕ ಕನ್ನಡಿಗಳನ್ನು ಅಳವಡಿಸಿಕೊಳ್ಳಬೇಕು.