ನಾಲ್ಕಡಿಯ ತೋಟ

ನನ್ನ ತೋಟದ ವಿಸ್ತೀರ್ಣ ಕೇಳಿ ಓದುಗರು ನಗಬಾರದು: ಉದ್ದ ನಾಲ್ಕಡಿ, ಅಗಲ ಒಂದೂವರೆ. ಡೊಂಬಿವಲಿಯಲ್ಲಿ, ಮೂರನೆಯ ಮಹಡಿಯಲ್ಲಿ, ಸರಕಾರಿ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಗ್ಯಾಲರಿ ಯಾರು ಕೊಟ್ಟಾರು?

ಹೋದ ವರ್ಷ ಮೇ ತಿಂಗಳಲ್ಲಿ ಅಮ್ಮ ಉಡುಪಿ ಕಡೆಯ ನಮ್ಮ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದರು. ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಬಸಳೆ ದಂಟೊಂದನ್ನು ತಂದಿದ್ದರು. ಬಸಳೆಗೆ ಬೀಜವೇ ಬೇಕೆಂದಿಲ್ಲ. ಗಿಣ್ಣು ಮಣ್ಣಿನೊಳಗಿದ್ದರೆ ಸಾಕು, ಬೇರು ಬಿಡುತ್ತದೆ. ದಂಟು ಚಿಗುರಿತು. ಅಮ್ಮ ಮಾತ್ರ ದಿನವೂ, "ಊರಿಗೆ ಯಾವಾಗ ಹೋಗುವುದು?" ಎನ್ನುತ್ತಿದ್ದರು. ನಾನು ರಜೆಯ ಲೆಕ್ಕ ಒಪ್ಪಿಸುತ್ತಿದ್ದೆ.

ಜೂನ್ ಮಳೆ ಹಿಡಿದದ್ದೇ ತಡ, ಬಳ್ಳಿ ಬಟ್ಟೆ ಒಣಹಾಕುವ ಹಗ್ಗವನ್ನೇ ಚಪ್ಪರ ಮಾಡಿಕೊಂಡಿತು. ನನ್ನ ಅಂಗಿಗಳಿಗೆ ವರ್ಗವಾಯಿತು. ಹಲಸಿನ ಬೀಜ ಹಾಕಿದ ಬಸಳೆ ಹುಳಿ ತಿಂದವನು ದೂರು ಹೇಳುವುದು ಹೇಗೆ?

ಬಳ್ಳಿಯಲ್ಲಿ ಕಪ್ಪುನೇರಳೆಯ ಹಣ್ಣುಗಳು ಬಿಟ್ಟವು. ಅಮ್ಮ ಅವನ್ನು ಬಟ್ಟಲಲ್ಲಿ ಹಿಸುಕಿ, ಆ ಶಾಯಿಯಲ್ಲಿ ಹಿಡಿಸೂಡಿಯ ಕಡ್ಡಿ ಅದ್ದಿ, ಕನ್ನಡ ಓದಲು ಬಾರದ ನನ್ನ ಮಗಳಿಗೆ 'ಅ' ಬರೆದು ತೋರಿಸಿದರು. ಕಾಗದ ಮುಗಿದು ಗೋಡೆಗೂ ಬಂತು ಅಕ್ಷರಮಾಲೆ. ಬಾಡಿಗೆ ಮನೆಯ ಗೋಡೆ! ನಾನು ಗದರಿಸಹೋಗಿ ಸುಮ್ಮನಾದೆ. 'ಳ' ನನ್ನದಕ್ಕಿಂತ ದುಂಡಗಿತ್ತು.

ಮೊನ್ನೆ ಹತ್ತು ದಿನಗಳ ರಜೆ ಮಂಜೂರಾಯಿತು. ಊರಿಗೆ ಹೊರಡೋಣ ಎಂದೆ. ಅಮ್ಮ ಬಳ್ಳಿಯ ಕಡೆ ನೋಡಿದರು.

"ಅಷ್ಟು ದಿನ ಇದಕ್ಕೆ ನೀರು ಹಾಕುವವರು ಯಾರು?"