ಮುಂದಿನ ಪ್ಲೇಸ್ಟೇಷನ್ ಎಷ್ಟು ಲೆಕ್ಕ ಮಾಡೀತು?

2003ರ ಜೂನ್‌ನಲ್ಲಿ ಜಗತ್ತಿನ 500 ಅತಿವೇಗದ ಕಂಪ್ಯೂಟರುಗಳ ಪಟ್ಟಿ ಹೊರಬಿದ್ದಾಗ 171ನೆಯ ಸ್ಥಾನದಲ್ಲಿ ಬೆಂಗಳೂರಿನದೊಂದು ಯಂತ್ರವಿತ್ತು. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಕಟ್ಟಿದ ಪರಮ್ ಪದ್ಮ. 248 ಪ್ರೊಸೆಸರುಗಳು ಒಟ್ಟಾಗಿ ದುಡಿದರೆ ಅದರ ಗರಿಷ್ಠ ವೇಗ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ, ಅಂದರೆ ಒಂದು ಟೆರಾಫ್ಲಾಪ್. ದೇಶವೇ ಹೆಮ್ಮೆಪಟ್ಟ ಸಾಧನೆ ಅದು. ಹತ್ತು ವರ್ಷ ಕಳೆದು 2013ರ ನವೆಂಬರ್ ಬಂತು. ಸೋನಿಯ ಪ್ಲೇಸ್ಟೇಷನ್ 4 ಎಂಬ ಆಟದ ಪೆಟ್ಟಿಗೆ 1.84 ಟೆರಾಫ್ಲಾಪ್ ಹೊತ್ತು 399 ಡಾಲರಿಗೆ ಅಂಗಡಿಗೆ ಬಂತು. ಇನ್ನೂ ಏಳು ವರ್ಷಕ್ಕೆ ಪ್ಲೇಸ್ಟೇಷನ್ 5 ಬಂತು, 10.28 ಟೆರಾಫ್ಲಾಪ್‌ನೊಂದಿಗೆ. ಪರಮ್ ಪದ್ಮದ ಲೆಕ್ಕ 64 ಬಿಟ್ ನಿಖರತೆಯದು, ಕನ್ಸೋಲಿನದು 32 ಬಿಟ್‌ನದು, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗಿದ್ದೂ ಟೀವಿಯ ಪಕ್ಕ ನಿಲ್ಲುವ ಒಂದು ಪೆಟ್ಟಿಗೆಯೊಳಗೆ ಇಷ್ಟು ಲೆಕ್ಕ ನಡೆಯುತ್ತದೆ ಎಂಬುದು ನನಗೆ ಇವತ್ತಿಗೂ ಸುಲಭವಾಗಿ ಜೀರ್ಣವಾಗದ ಸಂಗತಿ.

10.28 ಲಕ್ಷ ಕೋಟಿ ಎಂದರೆ ಎಷ್ಟು? ಭಾರತದ 140 ಕೋಟಿ ಜನರೂ, ಕೂಸು ಮುದುಕರೆನ್ನದೆ, ಸೆಕೆಂಡಿಗೊಂದರಂತೆ ಗುಣಿಸುತ್ತಲೋ ಕೂಡುತ್ತಲೋ ಕುಳಿತರೆ, ಪಿಎಸ್5 ಒಂದು ಸೆಕೆಂಡಿನಲ್ಲಿ ಮುಗಿಸುವ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಒಬ್ಬನೇ ಕುಳಿತರೆ, ನಿದ್ದೆ ಊಟ ಬಿಟ್ಟು, ಮೂರೂಕಾಲು ಲಕ್ಷ ವರ್ಷ.

ಈ ಅಂಕಿ ಹುಟ್ಟುವ ಬಗೆ ಮಾತ್ರ ಬಹಳ ಸರಳ. ಪಿಎಸ್5ರ ಗ್ರಾಫಿಕ್ಸ್ ಚಿಪ್‌ನಲ್ಲಿ 36 ಕಂಪ್ಯೂಟ್ ಯೂನಿಟ್‌ಗಳಿವೆ. ಒಂದೊಂದರಲ್ಲೂ 64 ಲೆಕ್ಕಿಗರು, ಒಟ್ಟು 2,304. ಗಡಿಯಾರದ ಒಂದು ಬಡಿತಕ್ಕೆ ಪ್ರತಿ ಲೆಕ್ಕಿಗ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಲೆಕ್ಕ ಮುಗಿಸುತ್ತಾನೆ. ಗಡಿಯಾರ ಸೆಕೆಂಡಿಗೆ 223 ಕೋಟಿ ಬಾರಿ ಬಡಿಯುತ್ತದೆ. ಗುಣಿಸಿ ನೋಡಿ, 10.28 ಬರುತ್ತದೆ. ಒಂದು ಬಡಿತದ ಅವಧಿಯಲ್ಲಿ ಬೆಳಕು ಕೂಡ ಹದಿಮೂರು ಸೆಂಟಿಮೀಟರ್ ದಾಟಿ ಹೆಚ್ಚು ಹೋಗಲಾರದು. ನಿಮ್ಮ ಅಂಗೈಯಿಂದ ಬೆಳಕು ಬೆರಳ ತುದಿ ಮುಟ್ಟುವಷ್ಟರಲ್ಲಿ 4,608 ಲೆಕ್ಕ ಮುಗಿದಿರುತ್ತದೆ.

ಪಿಎಸ್3 ಬಂದದ್ದು 2006ರಲ್ಲಿ, ಪಿಎಸ್4 2013ರಲ್ಲಿ, ಪಿಎಸ್5 2020ರಲ್ಲಿ. ಏಳೇಳು ವರ್ಷದ ಅಂತರ ನೋಡಿದವರಿಗೆ ಮುಂದಿನದರ ಮೇಲೆ ಕಣ್ಣು ಬೀಳುವುದು ಸಹಜ. ನಾಲ್ಕರಿಂದ ಐದಕ್ಕೆ ಟೆರಾಫ್ಲಾಪ್ 5.6 ಪಟ್ಟು ಏರಿತ್ತು. ಅದೇ ಏಣಿ ಹತ್ತಿದರೆ ಮುಂದಿನದು 57 ಮುಟ್ಟಬೇಕು. ಗೇಮ್ ಪ್ರಿಯರ ನಡುವೆ ಈ ಬಗೆಯ ಅಂದಾಜುಗಳಿಗೆ ಬರವಿಲ್ಲ. ಅಂಕಿಗಳೆಂದರೆ ನನಗೂ ಆಸೆಯೇ, ಆದರೆ 57ನ್ನು ನಾನು ನಂಬುವುದಿಲ್ಲ. ಹಿಂದೆಲ್ಲ ಕನ್ಸೋಲು ಹಳತಾದಂತೆ ಬೆಲೆ ಇಳಿಯುತ್ತಿತ್ತು. 2006ರಲ್ಲಿ 599 ಡಾಲರ್ ಇದ್ದ ಪಿಎಸ್3 ಮೂರೇ ವರ್ಷದಲ್ಲಿ 299ಕ್ಕೆ ಬಂದಿತ್ತು. ಪಿಎಸ್5ರದು ತಿರುವುಮುರುವು. ನಮ್ಮಲ್ಲಿ 49,990 ರೂಪಾಯಿಗೆ ಬಂದದ್ದು 54,990 ಆಯಿತು. ಅಮೆರಿಕದಲ್ಲಿ 499 ಡಾಲರ್ ಇದ್ದದ್ದು 2025ರ ಆಗಸ್ಟ್‌ನಲ್ಲಿ 549 ಆಯಿತು. ಟ್ರಾನ್ಸಿಸ್ಟರು ಕಿರಿದಾಗುತ್ತಲೇ ಇದೆ, ಅಗ್ಗವಾಗುತ್ತಿಲ್ಲ. 57 ಟೆರಾಫ್ಲಾಪ್‌ನ ಚಿಪ್ ಮಾಡುವುದು ಕಷ್ಟವಲ್ಲ. ಮನೆಮಂದಿ ಕೊಳ್ಳುವ ಬೆಲೆಗೆ ಮಾಡುವುದು ಕಷ್ಟ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಅಲ್ಲಿದೆ. 4ಕೆ ಪರದೆಯಲ್ಲಿ 82,94,400 ಚುಕ್ಕೆಗಳು. ಸೆಕೆಂಡಿಗೆ 60 ಸಲ ಚಿತ್ರ ಬದಲಾದರೆ ಬಣ್ಣ ತುಂಬಬೇಕಾದ ಚುಕ್ಕೆಗಳು ಸುಮಾರು 49.8 ಕೋಟಿ. 10.28 ಟೆರಾಫ್ಲಾಪ್ ಹಂಚಿದರೆ ಒಂದೊಂದು ಚುಕ್ಕೆಗೆ 20,600 ಲೆಕ್ಕ ಸಿಗುತ್ತದೆ. ಧಾರಾಳವಾಯಿತಲ್ಲ! ಈಗ ಮೆಮೊರಿಯನ್ನು ಹಂಚಿ ನೋಡಿ. ಪಿಎಸ್5ರ ಮೆಮೊರಿಯಿಂದ ಚಿಪ್‌ಗೆ ಸೆಕೆಂಡಿಗೆ 448 ಜಿಬಿ ಹರಿಯುತ್ತದೆ. ಒಂದು ಚುಕ್ಕೆಯ ಪಾಲಿಗೆ ಬರುವುದು 900 ಬೈಟ್ ಮಾತ್ರ. ಗೋಡೆಯ ಬಣ್ಣ, ಕಲ್ಲಿನ ಒರಟು, ನೆರಳು, ದೀಪದ ದಿಕ್ಕು, ಎಲ್ಲ ಆ 900ರಲ್ಲೇ ತೂಗಿಸಬೇಕು. 2,304 ಬಾಣಸಿಗರನ್ನು ನಿಲ್ಲಿಸಿಕೊಂಡ ಮದುವೆ ಮನೆಗೆ ಉಗ್ರಾಣದಿಂದ ಸಾಮಾನು ಬರಲು ಒಂದೇ ಕಿರುಬಾಗಿಲು ಇದ್ದಂತೆ.

ಈ ಉಗ್ರಾಣದ ಚರಿತ್ರೆ ಟೆರಾಫ್ಲಾಪ್‌ನದಕ್ಕಿಂತ ಬೆರಗು ಹುಟ್ಟಿಸುತ್ತದೆ. 1994ರ ಮೊದಲ ಪ್ಲೇಸ್ಟೇಷನ್‌ನಲ್ಲಿ ಮುಖ್ಯ ಮೆಮೊರಿ 2 ಎಂಬಿ. 2000ದ ಪಿಎಸ್2ರಲ್ಲಿ 32 ಎಂಬಿ. ಪಿಎಸ್3ರಲ್ಲಿ ಎರಡು ಭಾಗ ಸೇರಿ 512 ಎಂಬಿ. ಪಿಎಸ್4ರಲ್ಲಿ 8 ಜಿಬಿ. ಭಾಗಿಸಿ ನೋಡಿದರೆ ಹದಿನಾರು ಪಟ್ಟು, ಮತ್ತೆ ಹದಿನಾರು ಪಟ್ಟು, ಮತ್ತೆ ಹದಿನಾರು ಪಟ್ಟು! ಮೂರು ಪೀಳಿಗೆ ಒಂದೇ ಮಗ್ಗಿ ಒಪ್ಪಿಸಿದ ಹಾಗಿದೆ. ನಾಲ್ಕನೆಯದೂ ಹಾಗೇ ಜಿಗಿದಿದ್ದರೆ ಪಿಎಸ್5ರಲ್ಲಿ 128 ಜಿಬಿ ಇರಬೇಕಿತ್ತು. ಇರುವುದು 16. ಬರೀ ಎರಡು ಪಟ್ಟು.

ಸೋನಿಯ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಆ ಕೊರತೆಯನ್ನು ತುಂಬಿದ್ದು ಬೇರೆ ದಾರಿಯಿಂದ. ಪಿಎಸ್4ರ ಹಾರ್ಡ್ ಡಿಸ್ಕ್ ಒಂದು ಜಿಬಿ ತುಂಬಲು 20 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 2020ರ ಮಾರ್ಚ್‌ನಲ್ಲಿ ಅವರು ಪಿಎಸ್5ಗೆ ಹೇಳಿದ ಗುರಿ 0.27 ಸೆಕೆಂಡಿನಲ್ಲಿ ಎರಡು ಜಿಬಿ. ಆಟಗಾರ ಹಿಂದಕ್ಕೆ ತಿರುಗುವಷ್ಟರಲ್ಲಿ ಬೆನ್ನ ಹಿಂದಿನ ಲೋಕವನ್ನು ವೇಗದ ಸಂಗ್ರಹವಾದ ಎಸ್‌ಎಸ್‌ಡಿಯಿಂದ ತಂದು ನಿಲ್ಲಿಸಬಹುದಾದರೆ ಅದನ್ನೆಲ್ಲ ಮೆಮೊರಿಯಲ್ಲಿ ಕೂಡಿಟ್ಟುಕೊಳ್ಳುವ ಹಂಗಿಲ್ಲ. ನಾನು ಕಂಡ ಕನ್ಸೋಲ್ ವಿನ್ಯಾಸಗಳಲ್ಲಿ ಇಷ್ಟು ಚೆಂದದ ಉಪಾಯ ಇನ್ನೊಂದಿಲ್ಲ. ಆದರೆ ಅದನ್ನು ಒಮ್ಮೆ ಬಳಸಿ ಆಗಿದೆ. ಮುಂದಿನ ಪೆಟ್ಟಿಗೆಗೆ ಅಂಥ ಜಿಗಿತ ಎಸ್‌ಎಸ್‌ಡಿಯಿಂದ ಮತ್ತೆ ಸಿಗದು. ಮೆಮೊರಿ ಚಿಪ್‌ಗಳನ್ನೋ, ಎಐ ಡೇಟಾ ಸೆಂಟರುಗಳು ಬಾಚಿಕೊಳ್ಳುತ್ತಿವೆ, ಬೆಲೆ ಏರಿದೆ.

2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೊ ಒಂದು ಸುಳಿವು ಕೊಡುತ್ತದೆ. 16.7 ಟೆರಾಫ್ಲಾಪ್, ಮೆಮೊರಿ ವೇಗ ಸೆಕೆಂಡಿಗೆ 576 ಜಿಬಿ. ಚಿಪ್‌ನೊಳಗೆ ಲೆಕ್ಕಿಗರ ಕೈಗೆಟಕುವಂತಿರುವ ರಿಜಿಸ್ಟರುಗಳ ಗಾತ್ರ ಎಲ್ಲ ಕೂಡಿ 15 ಎಂಬಿ ಅಷ್ಟೇ, ಆದರೆ ಅವುಗಳ ಒಟ್ಟು ವೇಗ ಸೆಕೆಂಡಿಗೆ 200 ಟಿಬಿ. ಹೊರಗಿನದಕ್ಕಿಂತ ಸುಮಾರು 350 ಪಟ್ಟು! ಒಂದು ಸಂಖ್ಯೆಯನ್ನು ಹೊರಗಿನ ಮೆಮೊರಿಯಿಂದ ತರಲು ಖರ್ಚಾಗುವ ವಿದ್ಯುತ್ತು ಅದನ್ನು ಕೂಡುವುದಕ್ಕೆ ಬೇಕಾದದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ಒಳಗಿದ್ದೇ ಮುಗಿಸಿದ ಕೆಲಸ ಹೆಚ್ಚುಕಡಿಮೆ ಪುಕ್ಕಟೆ.

2025ರ ಅಕ್ಟೋಬರ್‌ನಲ್ಲಿ ಸರ್ನಿ ಮತ್ತು ಚಿಪ್ ಕಂಪನಿ ಎಎಮ್‌ಡಿಯ ಜ್ಯಾಕ್ ಹಿನ್ ಒಟ್ಟಿಗೆ ಕುಳಿತು ಮುಂದಿನ ತಂತ್ರಗಳ ಬಗ್ಗೆ ಮಾತಾಡಿದರು. ಒಂದೂ ಟೆರಾಫ್ಲಾಪ್ ಅಂಕಿ ಹೇಳಲಿಲ್ಲ. ಹೇಳಿದ್ದು ಮೂರು: ಕಂಪ್ಯೂಟ್ ಯೂನಿಟ್‌ಗಳನ್ನು ಜೋಡಿಸಿ ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ದುಡಿಸುವುದು, ಬೆಳಕಿನ ಕಿರಣಗಳನ್ನು ಹಿಂಬಾಲಿಸಲು ಪ್ರತ್ಯೇಕ ಘಟಕ, ಮತ್ತು ಚಿಪ್‌ನಲ್ಲಿ ಓಡಾಡುವ ಎಲ್ಲ ಮಾಹಿತಿಯನ್ನೂ ಅದುಮಿ ಕಳಿಸುವುದು. ಸದ್ಯಕ್ಕೆ ಇವೆಲ್ಲ ಸಿಮ್ಯುಲೇಶನ್‌ನಲ್ಲಷ್ಟೇ ಇವೆ ಎಂದೂ ಸರ್ನಿ ಹೇಳಿದರು. ಮೂರನೆಯದು ನೇರವಾಗಿ ಆ ಕಿರುಬಾಗಿಲಿಗೇ ಔಷಧಿ.

ನರಜಾಲದ ಲೆಕ್ಕವನ್ನೂ ಹಾಕೋಣ. 1080ಪಿಯಲ್ಲಿ ಬರೆದ ಚಿತ್ರವನ್ನು 4ಕೆಗೆ ಹಿಗ್ಗಿಸಿದರೆ ನಾಲ್ಕರಲ್ಲಿ ಒಂದು ಚುಕ್ಕೆ ನಿಜವಾಗಿ ಲೆಕ್ಕ ಹಾಕಿದ್ದು, ಮೂರು ನರಜಾಲ ಊಹಿಸಿದ್ದು. ಎರಡು ಚಿತ್ರಗಳ ನಡುವೆ ಇನ್ನೊಂದನ್ನು ಊಹಿಸಿ ಸೇರಿಸುವ ವಿದ್ಯೆ ಪಿಸಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆಗಲೇ ಇದೆ. ಎರಡೂ ಸೇರಿದರೆ ಎಂಟರಲ್ಲಿ ಒಂದೇ ಚುಕ್ಕೆ ನಿಜದ್ದು. ಮುಂದಿನ ಕನ್ಸೋಲು 40 ಟೆರಾಫ್ಲಾಪ್ ಎಂದಿಟ್ಟುಕೊಳ್ಳಿ, ನನ್ನ ಊಹೆ ಅಷ್ಟರ ಆಸುಪಾಸಿನಲ್ಲಿದೆ. ಆಗ ನಿಜದ ಒಂದೊಂದು ಚುಕ್ಕೆಯ ಪಾಲಿಗೆ 6.4 ಲಕ್ಷ ಲೆಕ್ಕ ಬರುತ್ತದೆ. ನರಜಾಲಕ್ಕೆ ಅರ್ಧ ಕೊಟ್ಟರೂ ಮೂರು ಲಕ್ಷಕ್ಕೆ ಮೋಸವಿಲ್ಲ. ಕಿಟಕಿಯಿಂದ ಬಂದ ಬಿಸಿಲು ಕೆಂಪು ನೆಲಕ್ಕೆ ತಾಗಿ, ಬಿಳಿ ಗೋಡೆಗೆ ಚಿಮ್ಮಿ, ಆಟದೊಳಗಿನ ಮುಖದ ಮೇಲೆ ನಸುಗೆಂಪಾಗಿ ಬೀಳುವುದನ್ನು ಕಿರಣ ಕಿರಣವಾಗಿ ಬೆನ್ನಟ್ಟಲು ಅಷ್ಟು ಬೇಕು. ಅದರ ಜೊತೆಗೆ 16ರ ಬದಲು 24 ಜಿಬಿಯೋ 32 ಜಿಬಿಯೋ ಮೆಮೊರಿ ಕೊಟ್ಟರೆ, ಟೆರಾಫ್ಲಾಪ್ ಅಂಕಿ 40ಕ್ಕಿಂತ ಹತ್ತು ಕಡಿಮೆಯಾದರೂ ನನ್ನ ತಕರಾರಿಲ್ಲ.