ಕುಂಬಾರಿಕೆ ಕಾರ್ಯಾಗಾರದಲ್ಲಿ ಬೂಷ್ಟು ತಡೆ

ಕುಂಬಾರಿಕೆ ಕಾರ್ಯಾಗಾರದಲ್ಲಿ ಬೂಷ್ಟು ತಡೆ ಎಂದರೆ, ಹಲವರು ಕೂಡಿ ಬಳಸುವ ಮಣ್ಣುಗೆಲಸದ ಜಾಗದಲ್ಲಿ ಹಲಗೆ, ಮೇಜು, ಪ್ಲಾಸ್ಟರ್ ಅಚ್ಚು ಹಾಗೂ ಹೊದಿಕೆಬಟ್ಟೆಗಳ ಮೇಲೆ ಶಿಲೀಂಧ್ರ ಬೆಳೆಯದಂತೆ ಕೈಗೊಳ್ಳುವ ಕ್ರಮಗಳು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಂತಹ ಒಣ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೂಷ್ಟು ಅಪರೂಪವೆಂಬ ಭಾವನೆಯಿದೆ. ಆದರೆ ಮಳೆಗಾಲದಲ್ಲಿ, ಮುಚ್ಚಿದ ಕೋಣೆಯಲ್ಲಿ ಹಸಿಮಣ್ಣು ಇಟ್ಟಲ್ಲಿ, ಇಲ್ಲಿಯೂ ಅದು ತಪ್ಪಿದ್ದಲ್ಲ.

ಈ ಭಾಗಕ್ಕೆ ಮಡಕೆಯ ಕೆಲಸ ಹೊಸದಲ್ಲ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಪ್ರಸಿದ್ಧವಾದ ಮಸ್ಕಿಯಲ್ಲಿ, ಬಿ.ಕೆ. ಥಾಪರ್ ಅವರು 1954ರಲ್ಲಿ ನಡೆಸಿದ ಉತ್ಖನನದಿಂದ ಇತಿಹಾಸಪೂರ್ವ ಕಾಲದ ಮಡಕೆಚೂರುಗಳು ದೊರೆತಿವೆ.

ಕಾರಣಗಳು

ಶಿಲೀಂಧ್ರಕ್ಕೆ ತೇವ, ಆಹಾರ ಮತ್ತು ಚಲನೆಯಿಲ್ಲದ ಗಾಳಿ ಒಟ್ಟಿಗೆ ಸಿಕ್ಕರೆ ಒಂದೆರಡು ದಿನಗಳಲ್ಲೇ ಬೆಳವಣಿಗೆ ಆರಂಭವಾಗುತ್ತದೆ. ಶುದ್ಧ ಜೇಡಿಮಣ್ಣು ಅದಕ್ಕೆ ಆಹಾರವಲ್ಲ. ಮಣ್ಣಿನಲ್ಲಿರುವ ಬೇರು, ಎಲೆ, ಲದ್ದಿ, ಹೊಟ್ಟು, ಕೆಲಸದ ಹಲಗೆಯ ಮರ ಮತ್ತು ಗೋಣಿತಟ್ಟಿನ ನಾರು ಅದರ ಆಹಾರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನ ಸುತ್ತ ಹೊಟ್ಟು, ಹುಲ್ಲು ಹೇರಳವಾಗಿ ಸಿಗುತ್ತವೆ. ಅವನ್ನು ಒದ್ದೆ ಮಣ್ಣಿನ ಪಕ್ಕದಲ್ಲೇ ರಾಶಿ ಹಾಕುವುದು ಬೂಷ್ಟಿಗೆ ಆಹ್ವಾನವಿತ್ತಂತೆ.

ಶೇಖರಿಸಿದ ಮಣ್ಣಿನ ಮೇಲಿನ ತೆಳು ಬೂಷ್ಟನ್ನು ಮಾತ್ರ ಅನೇಕ ಕುಂಬಾರರು ದೋಷವೆಂದು ಎಣಿಸುವುದಿಲ್ಲ. ಮಣ್ಣು ಹದಗೊಳ್ಳುವಾಗ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಅದರ ಮೆತುತನ ಹೆಚ್ಚುತ್ತದೆ. ಆವಿಗೆಯ ಶಾಖದಲ್ಲಿ ಬೂಷ್ಟು ಸುಟ್ಟುಹೋಗುತ್ತದೆ. ಆವಿಗೆಗೆ ಹೋಗದ ಹಲಗೆಯ ಮೇಲಿನ ಬೂಷ್ಟಿಗೆ ಆ ವಿನಾಯಿತಿಯಿಲ್ಲ. ಅದರ ಬೀಜಕಣಗಳು ಗಾಳಿಗೆ ಸೇರಿ ಆಸ್ತಮಾ ಮತ್ತು ಅಲರ್ಜಿ ಉಳ್ಳವರಿಗೆ ತೊಂದರೆ ಕೊಡುತ್ತವೆ.

ಸ್ವಚ್ಛಗೊಳಿಸುವಿಕೆ

ಬೂಷ್ಟು ಕಂಡೊಡನೆ ಒಣ ಪೊರಕೆಯಿಂದ ಗುಡಿಸುವುದು, ಒಣ ಕುಂಚದಿಂದ ಉಜ್ಜುವುದು ಸಹಜವಾದರೂ ಅತ್ಯಂತ ತಪ್ಪಾದ ಕ್ರಮ. ಇದರಿಂದ ಬೀಜಕಣಗಳು ಚದುರುವುದಲ್ಲದೆ, ಒಣಗಿದ ಮಣ್ಣಿನಲ್ಲಿರುವ ಸೂಕ್ಷ್ಮ ಸಿಲಿಕಾ ಧೂಳು ಉಸಿರಿನೊಡನೆ ಒಳಸೇರುತ್ತದೆ. ವರ್ಷಗಟ್ಟಲೆ ಇದನ್ನು ಸೇವಿಸಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಒಮ್ಮೆ ಬಂದರೆ ಗುಣವಾಗುವ ಕಾಯಿಲೆಯಲ್ಲ. ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಗಣಿಗಳಲ್ಲಿ ಬಂಡೆ ಕೊರೆಯುವಾಗ ನೀರು ಹಾಯಿಸುವುದು ಈ ಧೂಳನ್ನು ಅಡಗಿಸಲೆಂಬುದೂ ಒಂದು ಕಾರಣ. ಒಣಗಿದರೆ ಧೂಳು, ಒದ್ದೆಯಾದರೆ ಬೂಷ್ಟು ಎಂಬ ಈ ಇಕ್ಕಟ್ಟಿಗೆ ಪರಿಹಾರ ಒದ್ದೆಬಟ್ಟೆಯಿಂದ ಒರೆಸಿ, ಆ ಬಳಿಕ ಪೂರ್ತಿ ಒಣಗಿಸುವುದು.

ಮೊದಲು ಅಂಟಿದ ಮಣ್ಣನ್ನು ಒದ್ದೆಯಾಗಿಯೇ ಕೆರೆದು ತೆಗೆಯಬೇಕು. ಸೋಪು ಬೆರೆಸಿದ ನೀರಿನಿಂದ ಉಜ್ಜಿ, ಹಲಗೆ ಮತ್ತು ಬಟ್ಟೆಗಳನ್ನು ಬಿಸಿಲಿಗೆ ನಿಲ್ಲಿಸಬೇಕು. ಪ್ಲಾಸ್ಟರ್ ಅಚ್ಚುಗಳನ್ನು ಮಾತ್ರ ಗಾಳಿಯಾಡುವ ನೆರಳಿನಲ್ಲಿ ಒಣಗಿಸುವುದು ಲೇಸು. ಸುಮಾರು 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಪ್ಲಾಸ್ಟರನ್ನು ದುರ್ಬಲಗೊಳಿಸುತ್ತದೆ. ಬ್ಲೀಚಿಂಗ್ ದ್ರಾವಣವು ನುಣುಪಾದ ಮೇಲ್ಮೈಗೆ ಉಪಯುಕ್ತ, ಮರದ ಒಳಗಿನ ಬೂಷ್ಟನ್ನು ಮುಟ್ಟದು. ಅದನ್ನು ವಿನೆಗರ್‌ನೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವುದರಿಂದ ಎರಡನ್ನೂ ಒಟ್ಟಿಗೆ ಬಳಸಲೇಬಾರದು.

ಹಂಚಿಕೊಂಡ ಜಾಗದ ತೊಡಕು

ಒಬ್ಬರದೇ ಆದ ಕುಲುಮೆಯಲ್ಲಿ, ಮನೆಯಂಗಳದಲ್ಲಿ ಹೊಣೆ ಯಾರದೆಂಬ ಪ್ರಶ್ನೆಯಿಲ್ಲ. ಹಲವರ ತಿಗರಿ ಸುತ್ತುವಲ್ಲಿ ಕೊನೆಗೆ ಎದ್ದವರು ಹಲಗೆ ಒರೆಸದೆ ಹೋದರೆ ಮರುದಿನ ಬರುವವರಿಗೆ ಅದು ಬೂಷ್ಟು ಹಿಡಿದು ಸಿಗುತ್ತದೆ. ಹಸಿ ಪಾತ್ರೆ ಮುಚ್ಚುವ ಬಟ್ಟೆ ಪ್ರತಿಯೊಬ್ಬರಿಗೂ ಬೇರೆಯಿರಬೇಕು, ವಾರಕ್ಕೊಮ್ಮೆ ಒಗೆದು ಒಣಗಿಸಬೇಕು. ಹಲಗೆಗಳನ್ನು ಒಂದರ ಮೇಲೊಂದು ಮಲಗಿಸದೆ ಗಾಳಿಗೆ ನಿಲ್ಲಿಸಿಡಬೇಕು. ಆಸ್ತಮಾ ಉಳ್ಳವರನ್ನು ಬೂಷ್ಟು ತೆಗೆಯುವ ಕೆಲಸದಿಂದ ಹೊರಗಿಡುವುದು ಒಳ್ಳೆಯದು. ಉಳಿದವರಿಗೂ ಆ ಹೊತ್ತಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಕಣಗಳನ್ನು ಸೋಸುವ ಮುಖಗವಸು ಬೇಕು.